ಹಾಸಿಗೆ ಹಿಡಿದವರ ಪಕ್ಕದಲ್ಲಿ ನಿಂತವರಿಗೆ

ಲಕ್ವ ಹೊಡೆದ ಮಾವನನ್ನೋ ಮರೆವಿನ ಕಾಯಿಲೆಗೆ ಸಿಕ್ಕ ಅಮ್ಮನನ್ನೋ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಕೇಳುವ ಪ್ರಶ್ನೆಗಳೆಲ್ಲ ರೋಗಿಯ ಬಗ್ಗೆಯೇ ಇರುತ್ತವೆ. ಊಟ ಸೇರುತ್ತಾ? ರಾತ್ರಿ ನಿದ್ದೆ ಮಾಡ್ತಾರಾ? ಮೋಷನ್ ಸರಿಯಾಗಿ ಆಗುತ್ತಾ? ಬಿಪಿ ಎಷ್ಟಿದೆ? ಪಕ್ಕದಲ್ಲಿ ಫೈಲು ಹಿಡಿದು ಉತ್ತರ ಹೇಳುತ್ತಿರುವ ಸೊಸೆಗೋ ಮಗಳಿಗೋ ಇದೇ ನಾಲ್ಕು ಪ್ರಶ್ನೆ ಕೇಳಿ ನೋಡಿ. ಎಷ್ಟೋ ಸಲ ಅವರ ಉತ್ತರ ರೋಗಿಯದಕ್ಕಿಂತ ಕೆಟ್ಟದಾಗಿರುತ್ತದೆ. ಆದರೆ ಚೀಟಿ ಮಾಡಿಸಿರುವುದು ರೋಗಿಯ ಹೆಸರಿಗೆ. ಫೈಲು ಹಿಡಿದವರನ್ನು ಯಾರೂ ಪರೀಕ್ಷಿಸುವುದಿಲ್ಲ.

ಒತ್ತಡ ಎಂದ ಕೂಡಲೇ ನಮಗೆ ನೆನಪಾಗುವುದು ಐಟಿ ಕಂಪನಿ, ಟ್ರಾಫಿಕ್ಕು, ಪಿಯುಸಿ ಪರೀಕ್ಷೆ. ಮನೆಯೊಳಗೆ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಆದರೆ ದೀರ್ಘಕಾಲದ ಒತ್ತಡ ಮೈಗೆ ಏನು ಮಾಡುತ್ತದೆ ಎಂದು ವಿಜ್ಞಾನಿಗಳು ತಿಳಿದುಕೊಂಡಿದ್ದರಲ್ಲಿ ಒಂದು ಮುಖ್ಯ ಪಾಲು ಬಂದಿರುವುದು ಇಂಥವರನ್ನು ಪರೀಕ್ಷಿಸಿಯೇ. ಪರೀಕ್ಷೆಯ ಒತ್ತಡ ತಿಂಗಳಲ್ಲಿ ಮುಗಿಯುತ್ತದೆ, ಆಫೀಸಿನ ಒತ್ತಡ ಶನಿವಾರವಾದರೂ ಸಡಿಲಾಗುತ್ತದೆ. ಇವರದಕ್ಕೆ ಶನಿವಾರ, ಭಾನುವಾರ ಎಂಬುದಿಲ್ಲ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಲಕ್ವ, ಪಾರ್ಕಿನ್ಸನ್, ಕೈಮೀರಿದ ಕ್ಯಾನ್ಸರ್, ಸೊಂಟದ ಮೂಳೆ ಮುರಿದು ಮಲಗಿದವರು ಈ ಲೆಕ್ಕದ ಹೊರಗೆ. ಇವರಲ್ಲಿ ಬಹುಪಾಲು ಜನ ಇರುವುದು ಮನೆಯಲ್ಲೇ, ನೋಡಿಕೊಳ್ಳುವುದು ಮನೆಯವರೇ, ಅದರಲ್ಲೂ ಹೆಂಗಸರು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮಕ್ಕಳು, ಹಿರಿಯರು, ರೋಗಿಗಳ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ಕೊಡುತ್ತಾರೆ, ಗಂಡಸರು 76 ನಿಮಿಷ. ಅಡುಗೆ, ಪಾತ್ರೆ, ಬಟ್ಟೆಯ ಹೊತ್ತು ಇದರಲ್ಲಿ ಸೇರಿಲ್ಲ. ಒಂದು ಕಿವಿಯನ್ನು ಸದಾ ರೋಗಿಯ ಕೋಣೆಯ ಕಡೆಗೇ ಇಟ್ಟುಕೊಂಡಿರುವ ಹೊತ್ತನ್ನಂತೂ ಯಾವ ಸಮೀಕ್ಷೆಯೂ ಅಳೆಯಲಾರದು.

ರಾತ್ರಿ ಎರಡು ಗಂಟೆಗೆ ಮೈಯಲ್ಲಿ ಆಗುವುದೇನು

ರಾತ್ರಿ ಎರಡು ಗಂಟೆ. ಪಕ್ಕದ ಕೋಣೆಯಲ್ಲಿ ಠಣ್ ಎಂಬ ಸದ್ದು. ಅತ್ತೆ ಬಾತ್‌ರೂಮಿಗೆಂದು ಎದ್ದು ಬಿದ್ದರೋ ಏನೋ. ಕಣ್ಣು ಪೂರ್ತಿ ಬಿಡುವ ಮೊದಲೇ ನೀವು ಬಾಗಿಲ ಹತ್ತಿರ ಇರುತ್ತೀರಿ. ಆ ಕೆಲವೇ ಸೆಕೆಂಡುಗಳಲ್ಲಿ ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರಿರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ. ಪಿತ್ತಕೋಶದ ಪಕ್ಕದ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹೊಟ್ಟೆಯ ಕಡೆಯ ರಕ್ತ ಕೈಕಾಲಿನ ಸ್ನಾಯುಗಳತ್ತ ತಿರುಗುತ್ತದೆ, ಜೀರ್ಣಕ್ರಿಯೆ ತಡೆಯುತ್ತದೆ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಹೊರತಂದ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ: ಎದುರಿಗೆ ಅಪಾಯ ಬಂದಾಗ ಹೊಡೆದಾಡಲು ಅಥವಾ ಓಡಲು ಮೈ ಸಜ್ಜಾಗುವ ಬಗೆ.

ಹೋಗಿ ನೋಡಿದರೆ ಬಿದ್ದಿರುವುದು ಸ್ಟೀಲ್ ಲೋಟ. ಅತ್ತೆ ಗೊರಕೆ ಹೊಡೆಯುತ್ತಿದ್ದಾರೆ. ನೀವು ವಾಪಸ್ ಬಂದು ಮಲಗುತ್ತೀರಿ, ನಿದ್ದೆ ಮಾತ್ರ ಬರುವುದಿಲ್ಲ. ಇದಕ್ಕೆ ಕಾರಣವಿದೆ. ಅಡ್ರಿನಲಿನ್ ಬೇಗ ಇಳಿದುಹೋಗುತ್ತದೆ. ಆದರೆ ಅದರ ಹಿಂದೆಯೇ ಮೆದುಳಿನಿಂದ ಹೊರಟ ಇನ್ನೊಂದು ಸಂದೇಶ ಪಿಟ್ಯುಟರಿ ಗ್ರಂಥಿಯ ಮೂಲಕ ಅಡ್ರಿನಲ್ ತಲುಪಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೊರಡಿಸಿರುತ್ತದೆ. ಅದು ರಕ್ತದಲ್ಲಿ ಉತ್ತುಂಗಕ್ಕೇರುವುದೇ 20-30 ನಿಮಿಷದ ಮೇಲೆ, ಇಳಿಯಲು ಇನ್ನೂ ಹೊತ್ತು ಬೇಕು. ಅಂದರೆ ಲೋಟ ಎತ್ತಿಟ್ಟು ಬಂದು ಕಾಲು ಗಂಟೆಯಾದರೂ ಮೈ ಇನ್ನೂ ಅತ್ತೆಯನ್ನು ಎತ್ತಲು ತಯಾರಾಗಿಯೇ ಇರುತ್ತದೆ. ನಿದ್ದೆ ಬರದಿರುವುದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ.

ಅಪರೂಪಕ್ಕೊಮ್ಮೆ ಹೀಗಾದರೆ ಏನೂ ತೊಂದರೆಯಿಲ್ಲ, ಈ ಏರ್ಪಾಡು ಇರುವುದೇ ಜೀವ ಉಳಿಸಲು. ವಾರಕ್ಕೆ ಐದು ರಾತ್ರಿ, ಮೂರು ವರ್ಷ ಹೀಗೇ ನಡೆದರೆ ಕಥೆ ಬೇರೆ. ಕಾರ್ಟಿಸಾಲ್ ಸಾಮಾನ್ಯವಾಗಿ ಉರಿಯೂತವನ್ನು ಹತೋಟಿಯಲ್ಲಿಡುವ ಹಾರ್ಮೋನು. ಸದಾ ಅದರ ಕೂಗು ಕೇಳಿ ಕೇಳಿ ರೋಗನಿರೋಧಕ ಕಣಗಳು ಅದಕ್ಕೆ ಕಿವಿಗೊಡುವುದನ್ನೇ ಕಡಿಮೆ ಮಾಡುತ್ತವೆ. ಆಗ ಗಾಯ ಮಾಯಿಸಬೇಕಾದಲ್ಲಿ ನಿಧಾನ, ಸುಮ್ಮನಿರಬೇಕಾದಲ್ಲಿ ಉರಿಯೂತ.

ಗಾಯ ಎಂದದ್ದು ಮಾತಿಗಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಡಿಮೆನ್ಷಿಯಾ ಇದ್ದ ಬಂಧುವನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ ಇನ್ನು 13 ಹೆಂಗಸರು. ಎಲ್ಲರ ಮುಂಗೈ ಮೇಲ್ಭಾಗದಲ್ಲಿ 3.5 ಮಿಲಿಮೀಟರ್ ಅಗಲದ ಸಣ್ಣ ಗಾಯ ಮಾಡಿ, ಅದು ಮಾಯಲು ಎಷ್ಟು ದಿನ ಬೇಕಾಯಿತೆಂದು ಎಣಿಸಿದರು. ಆರೈಕೆ ಮಾಡುತ್ತಿದ್ದವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಮರುವರ್ಷ ಇದೇ ತಂಡ, ಸಂಗಾತಿಯನ್ನು ನೋಡಿಕೊಳ್ಳುವ ವಯಸ್ಸಾದವರಲ್ಲಿ ಫ್ಲೂ ಲಸಿಕೆ ಕೂಡ ಸರಿಯಾಗಿ ಹತ್ತುವುದಿಲ್ಲ ಎಂದು ತೋರಿಸಿತು.

ಇದನ್ನೋದಿ ಗಾಬರಿಯಾಗುವವರು ಇನ್ನೊಂದು ಅಧ್ಯಯನವನ್ನೂ ತಿಳಿದಿರಬೇಕು. ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ 1999ರಲ್ಲಿ ಪ್ರಕಟಿಸಿದ್ದು. ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾಲ್ಕು ವರ್ಷ ಗಮನಿಸಿದಾಗ, ಆರೈಕೆಯಿಂದ ಬಳಲಿಕೆಯಾಗಿದೆ ಎಂದವರಲ್ಲಿ ಸಾವಿನ ಸಂಭವ ಇತರರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಆದರೆ ಆರೈಕೆ ಮಾಡುತ್ತಿದ್ದೂ ಬಳಲಿಕೆಯಿಲ್ಲ ಎಂದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಸಂಗತಿ ಇದು. ಅಮ್ಮನಿಗೆ ಊಟ ಮಾಡಿಸುವುದರಿಂದ ಯಾರ ಆಯುಷ್ಯವೂ ಕುಗ್ಗುವುದಿಲ್ಲ. ಬಿಡುವಿಲ್ಲದೆ, ಬದಲಿ ಜನವಿಲ್ಲದೆ, ಒಬ್ಬರೇ ಮಾಡುವುದರಿಂದ ಕುಗ್ಗಬಹುದು. ಹಾಗಾಗಿ ಸರಿಪಡಿಸಬೇಕಾದದ್ದು ಪ್ರೀತಿಯನ್ನೋ ತಾಳ್ಮೆಯನ್ನೋ ಅಲ್ಲ, ಏರ್ಪಾಡನ್ನು.

ಎಲ್ಲವೂ ಗ್ಯಾಸ್ಟ್ರಿಕ್ ಅಲ್ಲ

ನಮ್ಮ ಕಡೆ ಎದೆ ಉರಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಮೆಡಿಕಲ್ ಸ್ಟೋರಿನಲ್ಲಿ ಒಂದು ಮಾತ್ರೆ ತಂದು ನುಂಗಿದರೆ ಮುಗಿಯಿತು. ಒತ್ತಡಕ್ಕೂ ಹೊಟ್ಟೆಗೂ ನಂಟಿರುವುದು ನಿಜ. 1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ಇಲಿಗಳಿಗೆ ಬೇರೆ ಬೇರೆ ಬಗೆಯ ಹಿಂಸೆ ಕೊಟ್ಟಾಗ ಎಲ್ಲವಕ್ಕೂ ಹೊಟ್ಟೆಯಲ್ಲಿ ಹುಣ್ಣು ಕಂಡಿತ್ತು. ಆಮೇಲೆ ದಶಕಗಳ ಕಾಲ ಅಲ್ಸರ್ ಎಂದರೆ ಟೆನ್ಷನ್ನಿನ ಕಾಯಿಲೆ ಎಂದೇ ಜನ ನಂಬಿದ್ದರು. ಅದಕ್ಕೆ ಬಹುಮಟ್ಟಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಹಾಗಾಗಿ ತಿಂಗಳಾನುಗಟ್ಟಲೆ ಹೊಟ್ಟೆ ಉರಿಯುತ್ತಿದ್ದರೆ ಟೆನ್ಷನ್ ಎಂದು ತಳ್ಳಿಹಾಕದೆ ಪರೀಕ್ಷೆ ಮಾಡಿಸಿ, ವಾಸಿ ಮಾಡಬಹುದಾದ ಸೋಂಕಿರಬಹುದು.

ಎದೆನೋವಿನ ಮಾತು ಇನ್ನೂ ಗಂಭೀರ. ಎದೆ ಒತ್ತಿದಂತಾಗಿ, ಬೆವರಿ, ನೋವು ದವಡೆಗೋ ಎಡಗೈಗೋ ಇಳಿದರೆ ಜೀರಿಗೆ ಕಷಾಯ ಕುದಿಸುತ್ತ ಕೂರಬಾರದು, ಇಸಿಜಿ ಆಗಲೇಬೇಕು. ಹೆಂಗಸರಲ್ಲಿ ಹೃದಯಾಘಾತ ಬರೀ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಬರಬಹುದು. ನೋಡಿಕೊಳ್ಳುವವರು ಅದನ್ನು ನಿದ್ದೆಗೇಡಿನ ಸುಸ್ತು ಎಂದುಕೊಂಡು ಸುಮ್ಮನಿರುವುದೇ ಜಾಸ್ತಿ. ಮನೆಯಲ್ಲಿ ಹೇಗೂ ಬಿಪಿ ಯಂತ್ರ, ಶುಗರ್ ನೋಡುವ ಗ್ಲೂಕೋಮೀಟರ್ ಇರುತ್ತದೆ. ವಾರಕ್ಕೊಮ್ಮೆ ಅದೇ ಪಟ್ಟಿಯನ್ನು ನಿಮ್ಮ ತೋಳಿಗೂ ಕಟ್ಟಿ. ಹಲವು ಸಲ ನೋಡಿದಾಗಲೂ 140/90 ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸುಸ್ತು, ಕೈನಡುಕ, ಎದೆಬಡಿತ, ಕೂದಲುದುರುವುದು ಇದ್ದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರು, ರಕ್ತಹೀನತೆ ಎರಡೂ ಒತ್ತಡದ ವೇಷದಲ್ಲೇ ಬರುತ್ತವೆ, ಎರಡಕ್ಕೂ ಔಷಧವಿದೆ. ರೋಗಿಯ ಮಾತ್ರೆ ಒಂದು ಹೊತ್ತೂ ತಪ್ಪದಂತೆ ಕೊಡುವವರು ತಮ್ಮ ಬಿಪಿ ಮಾತ್ರೆ ಮರೆಯುವುದು ಬಹಳ ಸಾಮಾನ್ಯ. ರೋಗಿಯ ಮಾತ್ರೆ ಡಬ್ಬಿಯ ಪಕ್ಕದಲ್ಲೇ ನಿಮ್ಮದನ್ನೂ ಇಡಿ.

ಸೊಂಟದ ವಿಷಯಕ್ಕೆ ಬಂದರೆ, ಅದು ಮುರಿಯುವುದು ಒತ್ತಡದಿಂದಲ್ಲ, ತಪ್ಪಾಗಿ ಎತ್ತುವುದರಿಂದ. ಮಲಗಿದವರನ್ನು ಕಂಕುಳಿಗೆ ಕೈಹಾಕಿ ಬಗ್ಗಿ ಎಳೆಯಬೇಡಿ. ರೋಗಿಯ ಬೆನ್ನಿನಿಂದ ತೊಡೆಯವರೆಗೆ ಬರುವಂತೆ ಹಾಸಿಗೆ ಮೇಲೆ ದಪ್ಪನೆಯ ಬಟ್ಟೆಯೊಂದನ್ನು ಅಡ್ಡಡ್ಡ ಹಾಸಿ, ಆಚೆಗೊಬ್ಬರು ಈಚೆಗೊಬ್ಬರು ಅದರ ಅಂಚನ್ನು ಸುತ್ತಿ ಹಿಡಿದು ಸರಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಕೂರಿಸುವಾಗ ಮಂಡಿ ಬಗ್ಗಲಿ, ನಡು ನೇರವಾಗಿರಲಿ, ರೋಗಿ ನಿಮ್ಮ ಮೈಗೆ ಹತ್ತಿರವಾಗಿರಲಿ. ಡಿಸ್ಚಾರ್ಜ್ ಆಗುವ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಇದನ್ನು ಒಮ್ಮೆ ಮಾಡಿಸಿಕೊಂಡು, ನೀವೂ ಅವರ ಎದುರಿಗೇ ಮಾಡಿ ತೋರಿಸಿ. ಹತ್ತು ನಿಮಿಷದ ಕೆಲಸ, ಕೇಳದಿದ್ದರೆ ಯಾರೂ ತಾವಾಗಿ ಹೇಳಿಕೊಡುವುದಿಲ್ಲ.

ಹೇಳಿಕೊಳ್ಳಲಾಗದ ಯೋಚನೆಗಳು

ಮನಸ್ಸಿನಲ್ಲಿ ಮೊದಲು ಕಾಣುವುದು ದುಃಖವಲ್ಲ, ಸಿಡುಕು ಮತ್ತು ಮರೆವು. ಒಲೆ ಮೇಲೆ ಹಾಲಿಟ್ಟದ್ದು ಮರೆಯುತ್ತದೆ, ಮಗನ ಫೀಸಿನ ಕಡೆಯ ದಿನ ಮರೆಯುತ್ತದೆ. ಅಮ್ಮನಿಗೆ ಬಂದ ಕಾಯಿಲೆ ನನಗೂ ಶುರುವಾಯಿತೇ ಎಂಬ ಭಯ ಬೇರೆ. ನಿದ್ದೆ ಒಡೆದ ಮತ್ತು ಸದಾ ಎಚ್ಚರದಲ್ಲಿರುವ ಮೆದುಳು ಹೊಸದನ್ನು ಸರಿಯಾಗಿ ದಾಖಲಿಸಿಕೊಳ್ಳುವುದಿಲ್ಲ. ಬಹುಪಾಲು ಮಂದಿಯಲ್ಲಿ ಈ ಮರೆವು ನಾಲ್ಕು ದಿನ ನೆಟ್ಟಗೆ ನಿದ್ದೆ ಸಿಕ್ಕರೆ ತಿಳಿಯಾಗುತ್ತದೆ.

ಆಮೇಲಿನದು ಪಾಪಪ್ರಜ್ಞೆ. ಮದುವೆಮನೆಗೆ ಹೋಗಿ ಎರಡು ಗಂಟೆ ನಕ್ಕು ಬಂದರೆ ಪಾಪಪ್ರಜ್ಞೆ, ಹೋಗದಿದ್ದರೆ ಸಿಟ್ಟು. ಇನ್ನೂ ಒಳಗೆ ಒಂದು ಯೋಚನೆ ಸುಳಿದುಹೋಗುತ್ತದೆ: ಇವರು ನರಳದೆ ಬೇಗ ಹೋಗಿಬಿಟ್ಟರೆ ಅವರಿಗೂ ಒಳ್ಳೆಯದು, ನಮಗೂ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಹಳ ಕಾಲ ಆರೈಕೆ ಮಾಡಿದವರಲ್ಲಿ ಇದು ಬರದವರು ಕಡಿಮೆ. ದಣಿದ ಮನಸ್ಸು ಕೆಲಸ ಮುಗಿಯಲಿ ಎಂದು ಬಯಸುತ್ತದೆ, ಅಷ್ಟೇ. ಅದರರ್ಥ ಅವರ ಸಾವು ಬಯಸಿದಿರಿ ಎಂದಲ್ಲ.

ಮರೆವಿನ ಕಾಯಿಲೆಯವರ ಮನೆಯಲ್ಲಿ ಇನ್ನೊಂದು ವಿಚಿತ್ರ ದುಃಖವಿದೆ. ಎದುರಿಗೆ ಅಮ್ಮ ಕೂತಿದ್ದಾರೆ, ಆದರೆ ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದ, ಒಗ್ಗರಣೆಗೆ ಇಂಗು ಸಾಲದೆಂದು ಬೈಯುತ್ತಿದ್ದ ಅಮ್ಮ ಇಲ್ಲ. ತಿಥಿ ಮಾಡಿ ಅತ್ತು ಮುಗಿಸುವ ಹಾಗೂ ಇಲ್ಲ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಇಂಥ ಅರೆಬರೆ ಅಗಲಿಕೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರು ಕಂಡದ್ದು, ಈ ದುಃಖಕ್ಕೆ ಒಂದು ಕೊನೆ ಸಿಗಬೇಕು ಎಂದು ಹಠ ಹಿಡಿದಷ್ಟೂ ಜನ ಕುಸಿಯುತ್ತಾರೆ. ಇದ್ದಾರೆ, ಇಲ್ಲ ಎರಡನ್ನೂ ಒಟ್ಟಿಗೇ ಒಪ್ಪಿಕೊಂಡವರು ಸ್ವಲ್ಪ ತಡೆದುಕೊಳ್ಳುತ್ತಾರೆ.

ಕೈ ಎತ್ತುವ ಮಟ್ಟಕ್ಕೆ ಸಿಟ್ಟು ಬಂದರೆ, ಅಥವಾ ಡಯಾಪರ್ ಬದಲಿಸುವಾಗ ಬೇಕೆಂದೇ ಒರಟಾಗಿ ತಿರುಗಿಸಿದ್ದು ಅರಿವಾದರೆ, ರೋಗಿ ಬೀಳದಂತೆ ನೋಡಿಕೊಂಡು ಕೋಣೆಯಿಂದ ಹೊರಗೆ ಹೋಗಿ. ಐದು ನಿಮಿಷ ಒದ್ದೆಯಲ್ಲಿ ಮಲಗಿದರೆ ಯಾರಿಗೂ ಏನೂ ಆಗುವುದಿಲ್ಲ. ಇದನ್ನು ಸ್ವಭಾವದ ದೋಷವೆಂದು ಮುಚ್ಚಿಡಬೇಡಿ. ಬದಲಿ ಜನ ತಕ್ಷಣ ಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಸಂಜೆ ಆರು ಗಂಟೆಯ ಹಠ

ಒತ್ತಡ ನಿಭಾಯಿಸುವುದರ ಬಗ್ಗೆ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್ಮನ್ 1984ರಲ್ಲಿ ಬರೆದ ಪುಸ್ತಕ ಇಂದಿಗೂ ಬಳಕೆಯಲ್ಲಿದೆ. ಅವರ ವಿಂಗಡಣೆ ಸರಳ: ಬದಲಾಯಿಸಬಹುದಾದದ್ದನ್ನು ಬದಲಾಯಿಸುವುದು ಒಂದು ದಾರಿ, ಬದಲಾಗದ್ದರ ಎದುರು ಮನಸ್ಸನ್ನು ಸಂಭಾಳಿಸುವುದು ಇನ್ನೊಂದು. ಎಡವಟ್ಟಾಗುವುದು ಇವೆರಡು ಅದಲು ಬದಲಾದಾಗ. ಮರೆವನ್ನು ವಾದದಿಂದ ಸರಿಪಡಿಸಲು ಹೊರಡುತ್ತೇವೆ, ಅಣ್ಣ ಸಹಾಯ ಮಾಡದಿರುವುದನ್ನು ಹಣೆಬರಹ ಎಂದು ಒಪ್ಪಿಕೊಳ್ಳುತ್ತೇವೆ. ಇದು ಉಲ್ಟಾ ಆಗಬೇಕು.

ಡಿಮೆನ್ಷಿಯಾ ಇರುವವರಲ್ಲಿ ಹಲವರಿಗೆ ಹೊತ್ತು ಮುಳುಗುವಾಗ ತಳಮಳ ಹೆಚ್ಚುತ್ತದೆ. ತಮ್ಮ ಮನೆಯಲ್ಲೇ ಕೂತು "ಮನೆಗೆ ಹೋಗಬೇಕು, ಅಮ್ಮ ಕಾಯ್ತಿರ್ತಾಳೆ" ಎಂದು ಎಂಬತ್ತರ ಅಜ್ಜಿ ಸೆರಗು ಸರಿಮಾಡಿಕೊಂಡು ಬಾಗಿಲ ಚಿಲಕಕ್ಕೆ ಕೈಹಾಕುತ್ತಾರೆ. "ಇದೇ ಅಲ್ವೇನಮ್ಮ ನಿನ್ನ ಮನೆ? ನಿಮ್ಮಮ್ಮ ಹೋಗಿ ನಲವತ್ತು ವರ್ಷ ಆಯ್ತು" ಎಂದು ಮಗಳು. ಅಜ್ಜಿಗೆ ಆ ಸಾವಿನ ಸುದ್ದಿ ಈಗಷ್ಟೇ ಬಂದಂತೆ, ಅಳು. ಅರ್ಧ ಗಂಟೆ ಬಿಟ್ಟು ಮತ್ತೆ ಚಿಲಕ. ಮಗಳ ಬಿಪಿ ಏರುವುದು ಈ ನಾಲ್ಕನೆಯ ಸುತ್ತಿಗೆ.

ಇದನ್ನು ಬಲ್ಲವರು ಕೊಡುವ ಸಲಹೆ ಬೇರೆ. "ಹೋಗೋಣಮ್ಮ, ಕಾಫಿ ಕುಡಿದು ಹೊರಡೋಣ. ನಿಮ್ಮೂರಲ್ಲಿ ಎಮ್ಮೆ ಎಷ್ಟಿದ್ವು?" ಎನ್ನಿ. ಸುಳ್ಳು ಹೇಳಿದೆನೆಂಬ ಅಳುಕು ಬೇಡ, ಅವರು ಕೇಳುತ್ತಿರುವುದು ವಿಳಾಸವಲ್ಲ, ಧೈರ್ಯ. ಐದೂವರೆಗೇ ಲೈಟ್ ಹಾಕಿ, ಟಿವಿ ಸೀರಿಯಲ್ಲಿನ ಕೂಗಾಟ ನಿಲ್ಲಿಸಿ, ಕೈಗೆ ಬಿಡಿಸಲು ಬಟಾಣಿಯನ್ನೋ ಮಡಿಸಲು ಟವೆಲನ್ನೋ ಕೊಡಿ. ದಿನವೂ ಫಲಿಸುತ್ತದೆಂದಲ್ಲ. ಆದರೆ ಇಂಥ ಕೌಶಲ ಕಲಿತವರ ಖಿನ್ನತೆ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಲಂಡನ್ನಿನಲ್ಲಿ ಗಿಲ್ ಲಿವಿಂಗ್‌ಸ್ಟನ್ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಮನಶ್ಶಾಸ್ತ್ರ ಪದವೀಧರರು ಮನೆಯವರ ಜತೆ ಎಂಟು ಸಲ ಕೂತು ಈ ಬಗೆಯ ಉಪಾಯಗಳನ್ನು ಹೇಳಿಕೊಟ್ಟಿದ್ದೇ ಗಮನಾರ್ಹ ವ್ಯತ್ಯಾಸ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಡಿಮೆನ್ಷಿಯಾ ಆರೈಕೆದಾರರಿಗಾಗಿ ಐಸಪೋರ್ಟ್ ಎಂಬ ಆನ್‌ಲೈನ್ ತರಬೇತಿ ರೂಪಿಸಿದೆ. ಅದನ್ನು ಭಾರತಕ್ಕೆ ಹೊಂದಿಸುವ ಕೆಲಸ ನಡೆದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಇಲ್ಲಿನ ಪ್ರಯೋಗದಲ್ಲಿ ಮಧ್ಯದಲ್ಲೇ ಬಿಟ್ಟವರು ಬಹಳ. ಅದರಲ್ಲೇನೂ ಆಶ್ಚರ್ಯವಿಲ್ಲ, ಕಂಪ್ಯೂಟರ್ ಮುಂದೆ ಕೂರಲು ಬಿಡುವಿದ್ದಿದ್ದರೆ ಅವರಿಗೆ ಅರ್ಧ ತೊಂದರೆಯೇ ಇರುತ್ತಿರಲಿಲ್ಲ.

ಬದಲಿ ಜನ, ಗೊತ್ತಾದ ಹೊತ್ತು

"ಏನಾದ್ರೂ ಬೇಕಿದ್ರೆ ಹೇಳು" ಎನ್ನುವ ನೆಂಟರು ಎಲ್ಲ ಮನೆಗೂ ಇರುತ್ತಾರೆ. ಬೇಕು ಎಂದು ಯಾರೂ ಹೇಳುವುದಿಲ್ಲ, ಅವರಿಗೂ ಅದು ಗೊತ್ತು. ಅದರ ಬದಲು ಕೆಲಸವನ್ನು, ವಾರವನ್ನು, ಗಂಟೆಯನ್ನು ಹೆಸರಿಸಿ ಕೇಳಿ. "ಅಕ್ಕ, ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ನೀನು ಬಂದು ಅಪ್ಪನ ಹತ್ತಿರ ಕೂತ್ಕೋ, ನಾನು ಹೊರಗೆ ಹೋಗ್ತೀನಿ" ಎಂದರೆ ಉತ್ತರ ಹೌದು ಅಥವಾ ಇಲ್ಲ ಎರಡರಲ್ಲೊಂದು ಆಗಲೇಬೇಕು. ಗೊತ್ತಾದ ಹೊತ್ತಿಗೇ ಇಷ್ಟು ಒತ್ತು ಯಾಕೆಂದರೆ, ಯಾವಾಗಲೋ ಅಕಸ್ಮಾತ್ ಸಿಗುವ ಬಿಡುವಿನಲ್ಲಿ ಮೈ ಎಚ್ಚರ ಬಿಡುವುದಿಲ್ಲ. ಭಾನುವಾರ ನಾಲ್ಕು ಗಂಟೆ ನನ್ನದು ಎಂದು ಖಾತ್ರಿಯಾದರೆ ಗುರುವಾರದ ರಾತ್ರಿಯೂ ಸ್ವಲ್ಪ ಹಗುರವಾಗುತ್ತದೆ. ಆ ನಾಲ್ಕು ಗಂಟೆಯಲ್ಲಿ ಬ್ಯಾಂಕಿನ ಕೆಲಸ, ರೇಷನ್ ತರುವುದು ಮಾಡಿದರೆ ಅದು ಬಿಡುವಲ್ಲ. ಸುಮ್ಮನೆ ಮಲಗಿದರೂ ಆದೀತು.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ತಮ್ಮನಿಗೂ ಪಾಲು ಕೊಡಬಹುದು. ಗೂಗಲ್ ನೋಡಿ ಹೊಸ ಔಷಧದ ಲಿಂಕ್ ಕಳಿಸುವುದನ್ನು ನಿಲ್ಲಿಸಿ, ತಿಂಗಳ ಮಾತ್ರೆ ಮತ್ತು ಡಯಾಪರ್ ಆನ್‌ಲೈನಿನಲ್ಲಿ ತರಿಸುವುದು, ಕರೆಂಟು-ನೀರಿನ ಬಿಲ್ಲು, ಡಾಕ್ಟರ್ ಅಪಾಯಿಂಟ್‌ಮೆಂಟ್, ಇನ್ಶೂರೆನ್ಸ್ ಕಾಗದ ಎಲ್ಲ ಅವನ ಹೊಣೆ. ದಿನಕ್ಕೆ ಅರ್ಧ ಗಂಟೆ ವಿಡಿಯೋ ಕಾಲಿನಲ್ಲಿ ಅಮ್ಮನ ಜತೆ ಹರಟಿದರೆ ಇಲ್ಲಿ ಅಕ್ಕನಿಗೆ ಅವಸರವಿಲ್ಲದ ಸ್ನಾನವಾಗುತ್ತದೆ. ಹೋಮ್ ನರ್ಸ್ ಸಂಬಳವನ್ನು ಯಾರು ಎಷ್ಟು ಕೊಡುವುದು ಎಂಬುದನ್ನು ಒಡಹುಟ್ಟಿದವರೆಲ್ಲ ಸೇರಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಬರೆದಿಡುವುದೆಂದರೆ ಅಪನಂಬಿಕೆ ಎಂಬ ಭಾವನೆಯಿದೆ. ಮನೆ ಒಡೆದಿರುವುದು ಬರೆಯದೆ ಇದ್ದಲ್ಲಿಯೇ ಹೆಚ್ಚು.

ಹಗಲು ಸಹಾಯಕ್ಕೆ ಜನ ಇಟ್ಟು ರಾತ್ರಿ ತಾವೇ ಎಚ್ಚರ ಇರುವವರೇ ಹೆಚ್ಚು. ಕೈಯಲ್ಲಿ ಒಂದೇ ಪಾಳಿಗೆ ಕೊಡುವಷ್ಟು ದುಡ್ಡಿದ್ದರೆ, ವಾರಕ್ಕೆ ಎರಡು ಮೂರು ರಾತ್ರಿಯ ಪಾಳಿಗೆ ಜನ ಇಡುವುದು ಲೇಸು ಎಂದು ನನ್ನ ಅಭಿಪ್ರಾಯ. ನಿದ್ದೆ ಉಳಿಸುವ ಬೇರೆ ದಾರಿಗಳೂ ಇವೆ. ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯನ್ನು ಬೆಳಿಗ್ಗೆಯ ಹೊತ್ತಿಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಿ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳಿರುತ್ತಾರೆ. ಏರ್ ಬೆಡ್ ಹಾಕಿದ ಮೇಲೆ ರಾತ್ರಿ ಈ ಅಂತರವನ್ನು ಹೆಚ್ಚಿಸಬಹುದೇ ಎಂದು ಚರ್ಮ ಪರೀಕ್ಷಿಸುವ ನರ್ಸನ್ನು ಕೇಳಿ, ನೀವಾಗಿಯೇ ನಿರ್ಧರಿಸಬೇಡಿ.

ಉಸಿರು, ಜಪ, ಮಾತ್ರೆ

ಉಸಿರಾಟದ ಅಭ್ಯಾಸವನ್ನು ಇಷ್ಟು ಕೆಳಗೆ ಇಟ್ಟದ್ದು ಬೇಕೆಂದೇ. ಬದಲಿ ಜನರಿಲ್ಲದ ಮನೆಯಲ್ಲಿ ಪ್ರಾಣಾಯಾಮ ಮಾಡಿ ಎನ್ನುವುದು ಗಾಯದ ಮೇಲೆ ಉಪ್ಪು ಸವರಿದ ಹಾಗೆ. ಆದರೆ ರಾತ್ರಿ ಎರಡು ಗಂಟೆಗೆ ಲೋಟ ಎತ್ತಿಟ್ಟು ಬಂದ ಮೇಲೆ ಇದರಷ್ಟು ಕೈಗೆಟುಕುವ ಉಪಾಯ ಇನ್ನೊಂದಿಲ್ಲ. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ವೇಗಸ್ ನರ ಎದೆಬಡಿತವನ್ನು ನಿಧಾನ ಮಾಡುತ್ತದೆ, ಅದಕ್ಕೇ ಬಿಡುವ ಹೊತ್ತು ಉದ್ದವಿರಬೇಕು. ಐದು ನಿಮಿಷ ಸಾಕು. ಎಣಿಕೆ ಬೇಸರವೆನಿಸುವವರು ಜಪಮಾಲೆ ಹಿಡಿಯಬಹುದು. ಕ್ರೈಸ್ತರ ಜಪಸರದ ಪ್ರಾರ್ಥನೆಯಾಗಲಿ ಮಂತ್ರಜಪವಾಗಲಿ ಉಸಿರನ್ನು ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ತರುತ್ತದೆಂದು ಇಟಲಿಯ ಲೂಚಿಯಾನೊ ಬರ್ನಾರ್ಡಿ ತಂಡ 2001ರಲ್ಲಿ ತೋರಿಸಿತ್ತು. ಲಾಸ್ ಏಂಜಲಿಸ್‌ನಲ್ಲಿ ಹೆಲೆನ್ ಲವ್ರೆಟ್ಸ್ಕಿ ನಡೆಸಿದ, 2013ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ 39 ಡಿಮೆನ್ಷಿಯಾ ಆರೈಕೆದಾರರು ಭಾಗವಹಿಸಿದ್ದರು. ದಿನಕ್ಕೆ 12 ನಿಮಿಷದಂತೆ ಎಂಟು ವಾರ ಕೀರ್ತನ ಧ್ಯಾನ ಮಾಡಿದವರ ಮನಸ್ಸು, ಬರೀ ಹಿತವಾದ ಸಂಗೀತ ಕೇಳಿದವರದಕ್ಕಿಂತ ಚೆನ್ನಾಗಿ ಚೇತರಿಸಿತು.

ನಿದ್ದೆಗೆಂದು ರೋಗಿಯ ಮಾತ್ರೆಯಲ್ಲೇ ಅರ್ಧ ನುಂಗುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಆಲ್‌ಪ್ರಾಜೊಲಾಮ್‌ನಂಥ ಮಾತ್ರೆಗಳು ಕೆಲವೇ ವಾರಗಳಲ್ಲಿ ಮೈಗೆ ಒಗ್ಗಿಹೋಗಿ ಬಿಡಿಸಲಾಗದಂತೆ ಹಿಡಿಯುತ್ತವೆ, ಒಮ್ಮೆಲೇ ನಿಲ್ಲಿಸುವುದೂ ಅಪಾಯ. ರಾತ್ರಿ ಎರಡು ಪೆಗ್ ಹಾಕುವ ಗಂಡಸರಿಗೂ ಇದೇ ಮಾತು: ಕುಡಿತ ಬೇಗ ಮಲಗಿಸುತ್ತದೆ, ನಡುರಾತ್ರಿಯ ಮೇಲೆ ಎಬ್ಬಿಸುತ್ತದೆ.

ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು ಕವಿದಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದೂ ಬೇಡವೆನಿಸಿದರೆ, ಬದುಕು ಸಾಕೆಂಬ ಯೋಚನೆ ಒಂದೇ ಒಂದು ಸಲ ಬಂದರೂ, ಅದನ್ನು ಆರೈಕೆಯ ಸುಸ್ತು ಎಂದು ಬಗೆಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಮಾರ್ಗದರ್ಶಕ ಸಂಸ್ಥೆ ನಿಮ್ಹಾನ್ಸ್. ರೋಗಿಯ ಹಾಸಿಗೆಯ ಪಕ್ಕ ಬಿಟ್ಟು ಕದಲಲಾಗದವರಿಗೆ ಫೋನೇ ಅನುಕೂಲ. ಮುಖಾಮುಖಿ ಕಾಣಬೇಕೆಂದರೆ ಬೆಂಗಳೂರಿಗೇ ಬರಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ನೋಡಿದ ಮಾದರಿಯೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಹಿರಿಯರ ಬಗೆಗಿನ ಇತರ ನೆರವಿಗೆ ಎಲ್ಡರ್‌ಲೈನ್ 14567 ಇದೆ. ಕೈಮೀರಿದ ಕ್ಯಾನ್ಸರ್ ಆದರೆ ಬೆಂಗಳೂರಿನ ಕರುಣಾಶ್ರಯ ಹಣ ಪಡೆಯದೆ ನೋಡಿಕೊಳ್ಳುತ್ತದೆ, ಅವರ ತಂಡ ಮನೆಗೂ ಬರುತ್ತದೆ. ಡಿಮೆನ್ಷಿಯಾ ಇದ್ದವರಿಗೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರಿನಲ್ಲಿ ಕೇಂದ್ರಗಳನ್ನು ನಡೆಸುತ್ತಿದೆ. ಇಂಥಲ್ಲಿ ಕೆಲವು ದಿನ ಬಿಟ್ಟು ಬರುವುದನ್ನು ಊರವರು ಆಡಿಕೊಂಡಾರು. ಆಡಿಕೊಳ್ಳುವವರು ರಾತ್ರಿ ಪಾಳಿಗೆ ಬರುವುದಿಲ್ಲ.

ಎಲ್ಲ ಮುಗಿದ ಮೇಲೆ

ರೋಗಿ ತೀರಿಕೊಂಡ ಮೇಲೆ ಇನ್ನಾದರೂ ಆರಾಮ ಎಂದು ಜನ ಹೇಳುತ್ತಾರೆ. ಮೈ ಅಷ್ಟು ಬೇಗ ನಂಬುವುದಿಲ್ಲ. ಕೀಕಾಲ್ಟ್-ಗ್ಲೇಸರ್ ತಂಡ ಆರು ವರ್ಷ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದವರ ರಕ್ತದಲ್ಲಿ ಉರಿಯೂತ ಸೂಚಿಸುವ ಐಎಲ್-6 ಎಂಬ ಅಂಶ ಇತರರಿಗಿಂತ ನಾಲ್ಕು ಪಟ್ಟು ವೇಗವಾಗಿ ಏರುತ್ತಿತ್ತು. ಸಂಗಾತಿ ತೀರಿಕೊಂಡು ಕೆಲವು ವರ್ಷ ಕಳೆದಿದ್ದವರಲ್ಲೂ ಅದು ಹಾಗೇ ಏರುತ್ತಿತ್ತು. ಆದ್ದರಿಂದ ವೈಕುಂಠ ಸಮಾರಾಧನೆ ಮುಗಿಯಿತೆಂದು ನಿಮ್ಮ ಬಿಪಿ, ಶುಗರ್ ನೋಡುವುದನ್ನು ನಿಲ್ಲಿಸಬೇಡಿ, ಮುಂದೂಡುತ್ತ ಬಂದ ಹಲ್ಲು, ಕಣ್ಣು, ಹೆಂಗಸರಾದರೆ ಸ್ತನ ಮತ್ತು ಗರ್ಭಕೊರಳಿನ ತಪಾಸಣೆಗಳನ್ನು ಆ ತಿಂಗಳಲ್ಲೇ ಮಾಡಿಸಿ. ನಡುರಾತ್ರಿ ಎರಡಕ್ಕೆ ಎಚ್ಚರವಾಗುವುದು ಕೆಲವು ತಿಂಗಳು ಮುಂದುವರಿಯಬಹುದು. ಹಗಲು ಏನು ಮಾಡಬೇಕೆಂದು ತೋಚದಿರುವುದೂ ಉಂಟು. ಬಿಟ್ಟ ಕೆಲಸಕ್ಕೆ ಅಥವಾ ಯಾವುದಾದರೂ ಅರ್ಧ ದಿನದ ಕೆಲಸಕ್ಕೆ ನಿಧಾನವಾಗಿ ಮರಳುವುದು ಒಳ್ಳೆಯದು, ವರ್ಷಾಬ್ದಿಕದವರೆಗೆ ಕಾಯಬೇಕಿಲ್ಲ. ಮನೆಯಲ್ಲಿ ಉಳಿದ ಏರ್ ಬೆಡ್, ವೀಲ್‌ಚೇರ್, ಕಮೋಡ್ ಕುರ್ಚಿಯನ್ನು ಅಟ್ಟಕ್ಕೆ ಏರಿಸಬೇಡಿ. ನಿಮ್ಮ ಫಿಸಿಯೋಥೆರಪಿಸ್ಟನ್ನು ಕೇಳಿದರೆ ಅದು ಬೇಕಾದ ಮನೆ ಅದೇ ಬಡಾವಣೆಯಲ್ಲಿ ಸಿಗುತ್ತದೆ. ಕೊಡಲು ಹೋದಾಗ ಅಲ್ಲಿ ಫೈಲು ಹಿಡಿದು ನಿಂತವರ ಜತೆಗೂ ಹತ್ತು ನಿಮಿಷ ಮಾತಾಡಿ. ಹಾಸಿಗೆ ಮೇಲೆ ಬಟ್ಟೆ ಅಡ್ಡಡ್ಡ ಹಾಸುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.